ಒಂದೂವರೆ ವರ್ಷದ ಪೋಕರ್ ಪಾಠ, ಹುಣಸೆ ಬೀಜದ ಆಟ

ಭಾರಿ ಮೊತ್ತದ ಪೋಕರ್ ಆಟಗಳ ಹ್ಯಾಂಡ್‌ಗಳನ್ನು, ಅಂದರೆ ಎಲೆ ಹಂಚಿ ಆಡುವ ಒಂದೊಂದು ಸುತ್ತನ್ನು, ನಿಲ್ಲಿಸಿ ನಿಲ್ಲಿಸಿ ಬಿಡಿಸಿ ಹೇಳುವ ವಿಡಿಯೊ ಕೋರ್ಸ್ ಇದು. ತಿಂಗಳಿಗೆ 25 ಡಾಲರ್. ತುಮಕೂರಿನಲ್ಲಿ ಬೆಳಗಿನ ರೈಲು ಹತ್ತಿದರೆ ಯಶವಂತಪುರ ಬರುವಷ್ಟರಲ್ಲಿ ಎರಡು ಹ್ಯಾಂಡ್ ಮುಗಿಯುತ್ತವೆ, ಸೀಟು ಸಿಕ್ಕರೆ. ಆನ್‌ಲೈನ್‌ನಲ್ಲಿ ದುಡ್ಡಿಟ್ಟು ಆಡೋದನ್ನು 2025ರ ಕೇಂದ್ರ ಕಾಯ್ದೆಯೇ ನಿಲ್ಲಿಸಿದೆ. ನಾವು ಭಾನುವಾರ ಕ್ಯಾತ್ಸಂದ್ರದ ಬಾವನ ಮನೆಯಲ್ಲಿ ಹುಣಸೆ ಬೀಜ ಇಟ್ಟು ಆಡುತ್ತೇವೆ. ನಮ್ಮೂರಲ್ಲಿ ಅದಕ್ಕೇನು ಬರ?

ಮೊದಲ ಮೂರು ತಿಂಗಳು ಕೋರ್ಸ್ ನನ್ನನ್ನು ಕೆಡಿಸಿತು ಅಂತಲೇ ಹೇಳಬೇಕು. 2003ರ ವರ್ಲ್ಡ್ ಸೀರೀಸ್ ಆಫ್ ಪೋಕರ್ ಫೈನಲ್‌ನ ಆ ಹ್ಯಾಂಡ್ ಇದೆಯಲ್ಲ, ಕ್ರಿಸ್ ಮನಿಮೇಕರ್ ಕೈಯಲ್ಲಿ ರಾಜ ಮತ್ತು ಏಳು, ಒಂದು ಜೋಡಿಯೂ ಆಗಿಲ್ಲ, ಆದರೂ ಕೊನೆಯ ಎಲೆ ಬಿದ್ದ ಮೇಲೆ ಇದ್ದಬದ್ದದ್ದನ್ನೆಲ್ಲ ಮುಂದೆ ತಳ್ಳುತ್ತಾನೆ. ಟೇಬಲ್ ಮೇಲೆ ಇಬ್ಬರಿಗೂ ಸೇರಿದ ಎಲೆಗಳಲ್ಲಿ ಮೂರು ಸ್ಪೇಡ್, ಅವನ ಕೈಯಲ್ಲಿ ಇನ್ನೆರಡು ಇದ್ದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದು ಎಲೆ. ಎದುರಾಳಿ ಸ್ಯಾಮಿ ಫರ್ಹಾ ಹತ್ತಿರ ಒಂಬತ್ತರ ಜೋಡಿ ಇದ್ದರೂ ಯೋಚಿಸಿ ಯೋಚಿಸಿ ಎಲೆ ಬಿಡುತ್ತಾನೆ. ನಾನೂ ಹಾಗೇ ಮುಖ ಗಟ್ಟಿ ಮಾಡಿಕೊಂಡು ಬೀಜದ ರಾಶಿ ತಳ್ಳಿದೆ. ಬಾವ ನಾಲ್ಕರ ಜೋಡಿ ಹಿಡಿದುಕೊಂಡು, "ಬೀಜ ತಾನೇ, ನೋಡೇಬಿಡೋಣ" ಅಂದರು. ಅಷ್ಟೂ ಹೋಯಿತು. ಕೈಯಲ್ಲಿ ಏನೂ ಇಲ್ಲದೆ ಹೆದರಿಸುವ ಈ ಬ್ಲಫ್, ಕಳೆದುಕೊಂಡರೆ ಹೊಟ್ಟೆ ಉರಿಯೋ ಕಡೆ ಮಾತ್ರ ನಡೆಯುತ್ತದೆ. ಇದನ್ನು ಪಾಠ ಹೇಳುವವನು ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ.

ಇನ್ನೊಂದು ತಕರಾರು. ಕೇಳದೆ ಇಡೀ ವರ್ಷಕ್ಕೆ ರಿನ್ಯೂ ಮಾಡಿ ದುಡ್ಡು ಕಿತ್ತುಕೊಂಡರು, ವಾಪಸ್ ಬರೋಕೆ ಆರು ಮೇಲ್, ಐದು ವಾರ. ಕಾರ್ಡ್ ವಿವರ ಸೇವ್ ಮಾಡಬೇಡಿ.

ಆದರೂ ಬಿಟ್ಟಿಲ್ಲ, ಕಾರಣ ಲೆಕ್ಕದ ಪಾಠಗಳು. ಹೋದ ಭಾನುವಾರದ್ದೇ ತಗೊಳ್ಳಿ. ಮಧ್ಯದಲ್ಲಿ 100 ಬೀಜ, ಬಾವ ಇನ್ನು 50 ಹಾಕಿದರು. ನನ್ನ ಕೈಯ ಎರಡು, ಟೇಬಲ್ ಮೇಲಿನ ನಾಲ್ಕು ಎಲೆ ಸೇರಿ ನನ್ನ ಲೆಕ್ಕಕ್ಕೆ ನಾಲ್ಕು ಸ್ಪೇಡ್, ಐದನೆಯದು ಬಂದರೆ ಫ್ಲಶ್, ಬರಬೇಕಾದ್ದು ಒಂದೇ ಎಲೆ. ನನಗೆ ಕಾಣದ 46 ಎಲೆಗಳಲ್ಲಿ ಸ್ಪೇಡ್ 9, ಅಂದರೆ ಶೇ. 20ಕ್ಕೂ ಚೂರು ಕಡಿಮೆ. 50 ಹಾಕಿ ಒಟ್ಟು 200ರ ರಾಶಿ ಹೊಡೆಯಬೇಕು ಅಂದರೆ ಕನಿಷ್ಠ ಶೇ. 25 ಬೇಕು. ಫ್ಲಶ್ ಬಂದ ಮೇಲೂ ಅವರು ಇನ್ನಷ್ಟು ಹಾಕುತ್ತಾರೆ ಅನ್ನಿಸಿದ್ದರೆ ಮಾತು ಬೇರೆ, ಆದರೆ ಅವರ ಮುಂದೆ ಉಳಿದಿದ್ದೇ ಎಂಟು ಬೀಜ. ಮೊದಲಾಗಿದ್ದರೆ ಸುಮ್ನೆ ಹಾಕಿಬಿಡುತ್ತಿದ್ದೆ. ಈ ಸಲ ಎಲೆ ಕೆಳಗಿಟ್ಟೆ.

ಬಾವ ಕೊನೆಯ ಎಲೆ ತಿರುಗಿಸಿದರು. ಸ್ಪೇಡ್ ಎಂಟು. ಅಕ್ಕ ಕಾಫಿ ತರುವವರೆಗೂ ನಗುತ್ತಲೇ ಇದ್ದರು.