ಎತ್ತಿನ ಹಿಂಗಾಲಿನ ನರ ಕಡಿದರೆ ‘ತಾನೇ ಕೂಡತೈತಿ’ ಎಂದು ಕಾಯಬೇಡಿ

ಜತ್ತ, ಅಕ್ಕಲಕೋಟ ಕಡೆ ಹರಗುವ ಹಂಗಾಮಿನಲ್ಲಿ ಈ ಗಾಯ ಆಗುತ್ತಲೇ ಇರುತ್ತದೆ. ಸಾಲಿನ ಕೊನೆಗೆ ತಿರುಗುವಾಗ ಎತ್ತು ಹಿಂದೆ ಸರಿದು, ಕುಂಟೆಯ ಕುಡ ಹಿಂಗಾಲಿನ ಹಿಂಬದಿಗೆ, ಗೊರಸಿನಿಂದ ಗೇಣು ಮೇಲೆ ತಾಗುತ್ತದೆ. ಚರ್ಮದ ಗಾಯ ಎರಡು ಬೆರಳಗಲ, ರಕ್ತವೂ ಬೇಗ ನಿಲ್ಲುತ್ತದೆ. ಜನ ಮೋಸಹೋಗುವುದು ಅಲ್ಲೇ, ಒಳಗೆ ‘ನರ’ ಕಡಿದಿರುತ್ತದೆ. ಹಳ್ಳಿಯಲ್ಲಿ ‘ನರ’ ಎನ್ನುವ ಇದು ಸ್ನಾಯುರಜ್ಜು, ಅಂದರೆ ಮಾಂಸಖಂಡವನ್ನು ಎಲುಬಿಗೆ ಕಟ್ಟುವ ಗಟ್ಟಿ ಹುರಿ.

ಜತ್ತ ಭಾಗದ ಒಂದು ಖಿಲ್ಲಾರಿ ಎತ್ತಿಗೆ ಹೀಗೇ ಆಯಿತು. ನಾಟಿ ಮದ್ದಿನವರೊಬ್ಬರು “ನರ ತಾನೇ ಕೂಡತೈತಿ, ಹೊಲಿಗಿ ಬ್ಯಾಡ್ರಿ” ಎಂದು ಸುಣ್ಣ, ಅರಿಶಿನ ಮೆತ್ತಿ, ಬಿದಿರ ಚಕ್ಕೆ ಇಟ್ಟು ಬಿಗಿದು ಕಟ್ಟಿದರು. ಮೂರನೇ ದಿನ ಗೊರಸಿನ ಮೇಲಂಚು ತಣ್ಣಗಿತ್ತು, ಕಟ್ಟು ಬಿಚ್ಚಿದರೆ ಚರ್ಮ ಕಪ್ಪಾಗಿತ್ತು. ಆಮೇಲೆ ಬರೆ ಹಾಕಿದರು, ಬರೆಯ ಹುಣ್ಣಿಗೆ ಹುಳ ಬಿತ್ತು. ಗಾಯವೇನೋ ಮಾಯಿತು. ಎತ್ತು ಮಾತ್ರ ಈಗ ಗೊರಸಿನ ತುದಿ ಮೇಲೆತ್ತಿಕೊಂಡು ನಡೆಯುತ್ತದೆ, ನೊಗಕ್ಕೆ ಬಾರದು.

ಕೂಡುವುದು ಸುಳ್ಳಲ್ಲ. ಕಾಲಿನ ಮುಂಬದಿಯ ಸ್ನಾಯುರಜ್ಜು ಕಡಿದರೆ ಪಟ್ಟಿ ಕಟ್ಟಿಟ್ಟರೂ ಸಾಕು, ಹೊಲಿಗೆ ಇಲ್ಲದೆಯೇ ಹೆಚ್ಚಿನವು ಸುಧಾರಿಸುತ್ತವೆ. ಆ ಅನುಭವವನ್ನೇ ಹಿಂಬದಿಗೂ ಹಚ್ಚುವುದು ಅಪಾಯ. ಹಿಂಬದಿಯ ರಜ್ಜುಗಳು ಮೈಭಾರ ಹೊರುವಂಥವು. ಕಡಿದ ಕೂಡಲೇ ಮೇಲಿನ ತುದಿಯನ್ನು ಮಾಂಸಖಂಡ ಎಳೆದುಕೊಳ್ಳುತ್ತದೆ, ನಡುವೆ ಸಂದು ಬೀಳುತ್ತದೆ. ರಜ್ಜುವಿಗೆ ರಕ್ತ ಪೂರೈಕೆ ಮೊದಲೇ ಕಡಿಮೆ. ದೇಹ ಆ ಸಂದಿನಲ್ಲಿ ಗಾಯದ ಕಲೆಯಂಥ ಅಂಗಾಂಶ ತುಂಬುತ್ತದೆ, ಎತ್ತು ಕಾಲೂರಿದಂತೆಲ್ಲ ಅದು ಹಿಗ್ಗುತ್ತದೆ. ಕೊನೆಗೆ ರಜ್ಜು ಕೂಡಿರುತ್ತದೆ, ಆದರೆ ಉದ್ದವಾಗಿ ಕೂಡಿರುತ್ತದೆ. ಉದ್ದವಾದ ರಜ್ಜು ಗೊರಸನ್ನು ಹಿಡಿದಿಡಲಾರದು.

ಗುರುತಿಸುವುದು ಸುಲಭ. ಎತ್ತನ್ನು ಸಪಾಟು ನೆಲದ ಮೇಲೆ ನಿಲ್ಲಿಸಿ ಪಕ್ಕದಿಂದ ನೋಡಿ. ಗೊರಸಿನ ಮೇಲಿನ ಗಿಣ್ಣು ಕೆಳಗೆ ಕುಸಿದಿದ್ದರೆ ಹೊರಗಿನ ರಜ್ಜು ಹೋಗಿದೆ. ಗೊರಸಿನ ತುದಿಯೂ ನೆಲ ಬಿಟ್ಟಿದ್ದರೆ ಒಳಗಿನದೂ ಹೋಗಿದೆ. ಗಾಯದಿಂದ ಬೆರಳಿಗೆ ಅಂಟಿ ದಾರದಂತೆ ಎಳೆಯುವ ಹಳದಿ ದ್ರವ ಬಂದರೆ ರಜ್ಜುವಿನ ಚೀಲವೋ ಕೀಲೋ ತೆರೆದಿದೆ. ಅಲ್ಲಿ ಕೀವಾದರೆ ಕಾಲು ಉಳಿಸುವುದು ಬಹಳ ಕಷ್ಟ.

ಹೀಗೆ ಕಂಡರೆ ಎತ್ತನ್ನು ನಡೆಸಬೇಡಿ. 1 ಲೀಟರ್ ಕುದಿಸಿ ಆರಿಸಿದ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಸಪಾಟಾದ ಒಂದೂವರೆ ಟೀ ಚಮಚ ಹಾಕಿ, ಮಣ್ಣು ಹೋಗುವವರೆಗೆ ತೊಳೆಯಿರಿ. ಟರ್ಪೆಂಟೈನ್, ಫಿನೈಲ್, ಸುಣ್ಣ ಯಾವುದೂ ಬೇಡ, ಹೊಲಿಯಬೇಕಾದ ತುದಿಗಳನ್ನೇ ಅವು ಸುಡುತ್ತವೆ. ಶುದ್ಧ ಬಟ್ಟೆ ಸುತ್ತಿ, ಮೇಲೆ ದಪ್ಪ ಹತ್ತಿ ಇಟ್ಟು, ಉದ್ದಕ್ಕೆ ಸೀಳಿದ ಪಿವಿಸಿ ಪೈಪಿನ ಹೋಳನ್ನು ಕಾಲಿಗೆ ಆನಿಸಿ ಕಟ್ಟಿ. ಪೈಪಿನ ಅಂಚು ಚರ್ಮಕ್ಕೆ ತಾಗಬಾರದು. ಗೊರಸಿನ ಹಿಂಭಾಗದ ಕೆಳಗೆ ಗೋಣಿಚೀಲದ ಮಡಿಕೆ ಕೊಡಿ, ತುದಿ ಮೇಲೇಳದಿರಲಿ. ಕೂಡಲೇ 1962ಕ್ಕೆ ಕರೆ ಮಾಡಿ ಸಂಚಾರಿ ಪಶುವೈದ್ಯರನ್ನು ಕರೆಸಿ. 6ರಿಂದ 8 ತಾಸಿನೊಳಗೆ ಸಿಕ್ಕ ಗಾಯಕ್ಕೂ ಮರುದಿನ ಸಿಕ್ಕ ಗಾಯಕ್ಕೂ ಬಹಳ ವ್ಯತ್ಯಾಸ.

ನೋವಿಗೆ ಡೈಕ್ಲೋಫೆನಾಕ್ ಕೊಡಿಸಬೇಡಿ. ಅದನ್ನು ಕೊಟ್ಟ ದನಗಳ ಹೆಣ ತಿಂದು ರಣಹದ್ದುಗಳು ಸತ್ತ ಕಾರಣಕ್ಕೆ 2006ರಿಂದ ಅದನ್ನು ದನಗಳಿಗೆ ಬಳಸುವಂತಿಲ್ಲ, ಬದಲಿಗೆ ಮೆಲಾಕ್ಸಿಕಾಮ್ ಇದೆ. ರಜ್ಜುವಿನೊಳಗೆ ಸ್ಟೀರಾಯ್ಡ್ ಚುಚ್ಚುಮದ್ದು ಬೇಡವೇ ಬೇಡ, ಬಾವು ಇಳಿದರೂ ರಜ್ಜುವಿನ ಎಳೆ ಸಡಿಲಾಗುತ್ತದೆ.

ಹೊಲಿಗೆಯ ನಂತರ ಗೊರಸನ್ನೂ ಸೇರಿಸಿ ಪ್ಲಾಸ್ಟರ್ ಹಾಕುತ್ತಾರೆ, ಸಾಮಾನ್ಯವಾಗಿ 6ರಿಂದ 8 ವಾರ. ಬಿಚ್ಚಿದ ದಿನವೇ ಬಂಡಿಗೆ ಕಟ್ಟಬೇಡಿ. ಆರು ವಾರಕ್ಕೆ ರಜ್ಜುವಿಗೆ ಹಳೆಯ ಬಲದ ಸುಮಾರು ಅರ್ಧ ಬಂದಿರುತ್ತದೆ, ವರ್ಷವಾದರೂ ಪೂರ್ತಿ ಬರುವುದಿಲ್ಲ. ಮೊದಲು ಕೊಟ್ಟಿಗೆ, ಆಮೇಲೆ ಹಗ್ಗ ಹಿಡಿದು ಸಮನೆಲದಲ್ಲಿ ದಿನಕ್ಕೆ ಹತ್ತು ನಿಮಿಷ, ಹಗುರ ಕೆಲಸ ಆರು ತಿಂಗಳ ಮೇಲೆ. ಪ್ಲಾಸ್ಟರ್ ಇರುವಷ್ಟು ದಿನ ಬೆಳಿಗ್ಗೆ ಸಂಜೆ ಮೂಸಿ ನೋಡಿ, ಮುಟ್ಟಿ ನೋಡಿ. ವಾಸನೆ, ಬಿಸಿ, ಮುತ್ತುವ ನೊಣ, ಇಲ್ಲವೇ ಊರುತ್ತಿದ್ದ ಕಾಲನ್ನು ಎತ್ತು ಮತ್ತೆ ಎತ್ತಿಕೊಂಡು ನಿಂತರೆ, ಅದೇ ದಿನ ಪಶುವೈದ್ಯರಿಂದ ಬಿಚ್ಚಿಸಿ.