ನಿಮ್ಹಾನ್ಸ್ ಮಿದುಳು ಸಂಗ್ರಹಾಲಯ: ಸೈಕಾಲಜಿ ಓದುವವರಿಗೆ ಎಷ್ಟು ಉಪಯೋಗ?

ಪಿಯು, ಪದವಿಯಲ್ಲಿ ಸೈಕಾಲಜಿ ತೆಗೆದುಕೊಂಡವರು ಬೆಂಗಳೂರಿನ ಹೊಸೂರು ರಸ್ತೆಯ ಈ ಸಂಗ್ರಹಾಲಯವನ್ನು ನೋಡಲೇಬೇಕು. ಪಠ್ಯದ ಬಣ್ಣದ ಚಿತ್ರ ನೋಡಿ ಉರು ಹೊಡೆದ ಹೆಸರುಗಳಿಗೆ ಜಾಗ, ಗಾತ್ರ, ತೂಕ ಸಿಗುವುದು ಇಲ್ಲಿ.

ಕೈಗವಸು ಹಾಕಿದ ಮೇಲೆ ನಿಜವಾದ ಮಿದುಳನ್ನೇ ಕೈಗೆ ಕೊಡುತ್ತಾರೆ. ವಯಸ್ಕರ ಮಿದುಳು ಸುಮಾರು 1,300ರಿಂದ 1,400 ಗ್ರಾಂ. ಅದು ಗಟ್ಟಿಯಾಗಿರುವುದು ಕೆಡದಂತೆ ಇಡಲು ಬಳಸುವ ಫಾರ್ಮಲಿನ್ ದ್ರಾವಣದಿಂದ. ಜೀವಂತ ಮಿದುಳು ತೀರಾ ಮೆತ್ತಗೆ. ಹಿಡಿದವರು ಮೊದಲು ಎಡವುವುದು ಹಿಂದು-ಮುಂದು ಗುರುತಿಸುವಲ್ಲಿ. ಕೆಳಗೆ ಸಣ್ಣ ಗೆರೆಗಳ ಕಿರುಮಿದುಳು ಇರುವ ಕಡೆಯೇ ಹಿಂಭಾಗ. ಆಮೇಲೆ ಪಕ್ಕದಲ್ಲಿರುವ ಆಳವಾದ ಸೀಳು ಹುಡುಕಿ: ಅದರ ಕೆಳಗಿನದು ಟೆಂಪೊರಲ್ ಹಾಲೆ. ನೆತ್ತಿಯಿಂದ ಇಳಿಯುವ ತಗ್ಗು, ಅಂದರೆ ಸೆಂಟ್ರಲ್ ಸಲ್ಕಸ್‌ನ ಮುಂದಿನ ಉಬ್ಬು ಚಲನೆಗೆ, ಹಿಂದಿನದು ಸ್ಪರ್ಶಕ್ಕೆ.

ನೆನಪಿಗೆ ಬೇಕಾದ ಹಿಪ್ಪೊಕ್ಯಾಂಪಸ್, ಭಯದಂಥ ಭಾವನೆಗಳಿಗೆ ಬೇಕಾದ ಅಮಿಗ್ಡಲಾ ಹೊರಗಿನಿಂದ ಕಾಣುವುದಿಲ್ಲ. ಟೆಂಪೊರಲ್ ಹಾಲೆಯ ಒಳಮಗ್ಗುಲಲ್ಲಿ ಅಡಗಿರುತ್ತವೆ, ಅಮಿಗ್ಡಲಾ ಮುಂದೆ, ಹಿಪ್ಪೊಕ್ಯಾಂಪಸ್ ಅದರ ಹಿಂದೆ. ಅಡ್ಡ ಸೀಳಿದ ಹೋಳು ತೋರಿಸಿ ಎಂದು ವಿವರಿಸುವವರನ್ನು ಕೇಳಿ. ನೋಡುವಾಗ ಹೆನ್ರಿ ಮೊಲೈಸನ್ ನೆನಪಿರಲಿ. 1953ರಲ್ಲಿ ಮೂರ್ಛೆರೋಗಕ್ಕೆಂದು ಎರಡೂ ಕಡೆಯ ಈ ಭಾಗವನ್ನು ಬಹುಪಾಲು ತೆಗೆದ ಮೇಲೆ ಅವರಿಗೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿ ನೋಡಿ ಗೆರೆ ಎಳೆಯುವ ಕೈಚಳಕ ದಿನದಿನಕ್ಕೆ ಸುಧಾರಿಸಿತು, ಹಿಂದೆ ಮಾಡಿದ್ದೇ ನೆನಪಿಲ್ಲದಿದ್ದರೂ! ಘಟನೆಯ ಸ್ಮೃತಿ ಬೇರೆ, ಕೌಶಲದ ಸ್ಮೃತಿ ಬೇರೆ ಎನ್ನಲು ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ.

ರೋಗಪೀಡಿತ ಮಿದುಳುಗಳ ಜಾಡಿಗಳ ಮುಂದೆ ಅವಸರ ಬೇಡ. ಅಲ್ಜೈಮರ್‌ನಲ್ಲಿ ಉಬ್ಬುಗಳು ಸಣಕಲಾಗಿ, ತಗ್ಗುಗಳು ಅಗಲವಾಗಿ, ಒಳಗಿನ ಕುಹರಗಳು ಹಿಗ್ಗಿರುತ್ತವೆ. ಆರೋಗ್ಯವಂತ ಮಿದುಳಿನೊಡನೆ ಹೋಲಿಸಿ ನೋಡಿದರೆ ಮಾತ್ರ ಇದು ತಿಳಿಯುತ್ತದೆ.

ಇಲ್ಲಿ ಸಿಗದ್ದೂ ಬಹಳವಿದೆ. ಡೋಪಮಿನ್, ಸೆರೊಟೋನಿನ್‌ನಂಥ ನರವಾಹಕಗಳು (ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳು) ಕಣ್ಣಿಗೆ ಕಾಣುವಂಥವಲ್ಲ. ವರ್ತನೆಯ ಪದಗಳನ್ನಂತೂ ಓದಿಕೊಂಡೇ ಹೋಗಿ. ಪರೀಕ್ಷೆಯಲ್ಲಿ ಹೆಚ್ಚು ಜನ ತಪ್ಪುವುದು ಋಣಾತ್ಮಕ ಪುನರ್ಬಲನದಲ್ಲಿ, ಅಂದರೆ ಕಿರಿಕಿರಿಯನ್ನು ತೆಗೆದು ವರ್ತನೆಯನ್ನು ಹೆಚ್ಚಿಸುವುದರಲ್ಲಿ. ಅದನ್ನು ಶಿಕ್ಷೆ ಎಂದು ಬರೆದುಬಿಡುತ್ತಾರೆ. ಸೀಟ್ ಬೆಲ್ಟ್ ಹಾಕಿದೊಡನೆ ಕಾರಿನ ಬೀಪ್ ನಿಲ್ಲುತ್ತದೆ, ಬೆಲ್ಟ್ ಹಾಕುವ ಅಭ್ಯಾಸ ಹೆಚ್ಚುತ್ತದೆ: ಇದು ಋಣಾತ್ಮಕ ಪುನರ್ಬಲನ. ಸಿಗ್ನಲ್ ಜಂಪ್ ಮಾಡಿದ್ದಕ್ಕೆ ಕಟ್ಟುವ ದಂಡ ಶಿಕ್ಷೆ, ಏಕೆಂದರೆ ಅದರ ಉದ್ದೇಶ ವರ್ತನೆಯನ್ನು ತಗ್ಗಿಸುವುದು.

ಸಾರ್ವಜನಿಕರಿಗೆ ನಿಗದಿತ ಸಮಯವಿದೆ, ವೆಬ್‌ಸೈಟ್ ನೋಡಿಕೊಂಡೇ ಹೊರಡಿ. ಫಾರ್ಮಲಿನ್ ಕಣ್ಣು, ಮೂಗನ್ನು ಉರಿಸುತ್ತದೆ. ಕೈಗವಸು ತೆಗೆಯುವ ತನಕ ಮುಖ ಮುಟ್ಟಬೇಡಿ.