ಒಲಿಂಪಿಕ್ಸ್‌ನಲ್ಲಿ ಭಾರತ: ಒಂದು ಗೋಡೆಪಟದ ವಿಮರ್ಶೆ

ಮಗಳ ಓದುವ ಕೋಣೆಗೆಂದು 350 ರೂಪಾಯಿ ಕೊಟ್ಟು ತಂದ, ಒಲಿಂಪಿಕ್ಸ್‌ನಲ್ಲಿ ಭಾರತ ನಡೆದುಬಂದ ದಾರಿಯನ್ನು ಚಿತ್ರಗಳಲ್ಲಿ ಹೇಳುವ ಈ ಗೋಡೆಪಟವು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. 1900ರ ಪ್ಯಾರಿಸ್ ಕೂಟದಲ್ಲಿ ಎರಡು ಬೆಳ್ಳಿ ಗೆದ್ದ ನಾರ್ಮನ್ ಪ್ರಿಚರ್ಡ್ ಅವರಿಂದ ಪಟ ಆರಂಭವಾಗುತ್ತದೆ. ಆ ಪದಕಗಳು ಭಾರತದವೋ ಬ್ರಿಟನ್ನಿನವೋ ಎಂಬ ಹಳೆಯ ತಕರಾರನ್ನೂ ಒಂದು ಸಾಲಿನಲ್ಲಿ ಸೂಚಿಸಿರುವುದು ನನಗೆ ಬಹಳ ಹಿಡಿಸಿತು.

ನಡುಭಾಗವೆಲ್ಲ ಹಾಕಿಯದು. 1928ರ ಆಮ್‌ಸ್ಟರ್‌ಡ್ಯಾಮ್‌ನಿಂದ 1956ರ ಮೆಲ್ಬರ್ನ್‌ವರೆಗಿನ ಸತತ ಆರು ಚಿನ್ನಗಳಲ್ಲಿ, ಸ್ವಾತಂತ್ರ್ಯ ಬಂದ ಮರುವರ್ಷವೇ ಲಂಡನ್ನಿನಲ್ಲಿ ಬ್ರಿಟನ್ ತಂಡವನ್ನು 4-0 ಅಂತರದಿಂದ ಸೋಲಿಸಿ ಗೆದ್ದ 1948ರ ಚಿನ್ನಕ್ಕೆ ದೊಡ್ಡ ಚಿತ್ರ ಮೀಸಲಿಟ್ಟಿರುವುದು ನ್ಯಾಯವಾಗಿಯೇ ಇದೆ. 1952ರ ಹೆಲ್ಸಿಂಕಿಯಲ್ಲಿ ಕುಸ್ತಿಯ ಕಂಚು ತಂದ ಕೆ.ಡಿ. ಜಾಧವ್ ಅವರ ನಂತರ ಮತ್ತೊಂದು ವೈಯಕ್ತಿಕ ಪದಕಕ್ಕೆ 1996ರಲ್ಲಿ ಲಿಯಾಂಡರ್ ಪೇಸ್ ಬರುವವರೆಗೂ ದೇಶ ಕಾಯಬೇಕಾಯಿತು. ಒಂದೂ ಪದಕ ಬಾರದ 1984, 1988, 1992ರ ಮನೆಗಳನ್ನು ಯಾವ ಅಲಂಕಾರವೂ ಇಲ್ಲದೆ ಖಾಲಿ ಬಿಟ್ಟಿರುವ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು.

ಕೊರತೆಗಳೂ ಇವೆ. 1980ರ ಮಾಸ್ಕೋ ಹಾಕಿ ಚಿನ್ನದ ಪಕ್ಕದಲ್ಲಿ, ಆ ತಂಡದಲ್ಲಿದ್ದ ಕೊಡಗಿನ ಎಂ.ಎಂ. ಸೋಮಯ್ಯ ಅವರ ಹೆಸರಿಲ್ಲ. ಮಿರುಗುವ ಕಾಗದದ ಮೇಲೆ ಟ್ಯೂಬ್‌ಲೈಟಿನ ಬೆಳಕು ಬಿದ್ದರೆ ಸಣ್ಣ ಅಕ್ಷರಗಳು ಕಾಣುವುದಿಲ್ಲ. ಪಟವು ಟೋಕಿಯೊದ ಏಳು ಪದಕಗಳಿಗೇ ನಿಂತಿರುವುದರಿಂದ, 2024ರ ಪ್ಯಾರಿಸ್ಸಿನ ಆರನ್ನು ಮಗಳೇ ಚೀಟಿಯಲ್ಲಿ ಬರೆದು ಕೆಳಗೆ ಅಂಟಿಸಿದ್ದಾಳೆ.